ಟೋಪಿಯ ತುಪ್ಪಳ, ಸರೋವರದ ಗಡಿ

ಇಲಿ, ಅಳಿಲುಗಳಂತೆ ಬೀವರ್ ಕೂಡ ದಂಶಕ ಪ್ರಾಣಿ. ಉತ್ತರ ಅಮೆರಿಕದ ಹೊಳೆಗಳಿಗೆ ಮರ ಕಡಿದು ಒಡ್ಡು ಕಟ್ಟುತ್ತದೆ. ಇದರ ಒರಟು ಹೊರಗೂದಲಿನ ಕೆಳಗೆ ದಟ್ಟವಾದ ಮೃದು ತುಪ್ಪಳವಿದೆ. ಅದರ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುವುದರಿಂದ ಬಿಸಿ, ತೇವ, ಒತ್ತಡಗಳಿಗೆ ಸಿಕ್ಕಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಫೆಲ್ಟ್ ಆಗುತ್ತವೆ. ಯುರೋಪಿನ ಟೋಪಿಗಳಿಗೆ ಬೇಕಾಗಿದ್ದುದು ಇದೇ.

1783ರ ಪ್ಯಾರಿಸ್ ಒಪ್ಪಂದ ಅಮೆರಿಕ ಮತ್ತು ಬ್ರಿಟಿಷ್ ಕೆನಡಾಗಳ ಗಡಿಯನ್ನು ಮಹಾಸರೋವರಗಳ ಮೂಲಕ ಎಳೆಯಿತು. ಡೆಟ್ರಾಯಿಟ್, ನಯಾಗರ ಕೋಟೆಗಳು ಅಮೆರಿಕದ ಪಾಲಾದವು. ಆದರೂ ಬ್ರಿಟಿಷರು ಜಾಗ ಬಿಡಲಿಲ್ಲ. 1794ರ ಜೇ ಒಪ್ಪಂದದಂತೆ 1796ರಲ್ಲಿ ತೆರವು ಮಾಡಿದರು. ಅದೇ ಒಪ್ಪಂದ ಎರಡೂ ಕಡೆಯ ವ್ಯಾಪಾರಿಗಳಿಗೂ ಮೂಲನಿವಾಸಿಗಳಿಗೂ ಗಡಿ ದಾಟಿ ವ್ಯಾಪಾರ ಮಾಡುವ ಹಕ್ಕು ಕೊಟ್ಟಿತು. ಹಡ್ಸನ್ಸ್ ಬೇ ಕಂಪನಿಯ ಸೀಮೆ ಮಾತ್ರ ಇದಕ್ಕೆ ಹೊರತು.

ಹಕ್ಕು ಕಾಗದದ ಮೇಲಿತ್ತು, ನಂಬಿಕೆ ಇರಲಿಲ್ಲ. ಮಾಂಟ್ರಿಯಲ್‌ನ ನಾರ್ತ್ ವೆಸ್ಟ್ ಕಂಪನಿಯ ಮುಖ್ಯ ಠಾಣೆ ಗ್ರ್ಯಾಂಡ್ ಪೋರ್ಟೇಜ್ ಅಮೆರಿಕದ ನೆಲದಲ್ಲಿತ್ತು. ಸುಂಕದ ಭಯದಿಂದ ಕಂಪನಿ 1803ರಲ್ಲಿ ಅದನ್ನು ಗಡಿಯ ಉತ್ತರಕ್ಕೆ ಸಾಗಿಸಿತು. 1816ರಲ್ಲಿ ಅಮೆರಿಕ, ಮೂಲನಿವಾಸಿಗಳೊಡನೆ ವ್ಯಾಪಾರ ಮಾಡುವ ಪರವಾನಗಿ ಸಾಮಾನ್ಯವಾಗಿ ತನ್ನ ಪ್ರಜೆಗಳಿಗೇ ಸಿಗಬೇಕೆಂದು ಕಾನೂನು ಮಾಡಿತು.

ಬೇಟೆಯಾಡಿ ತುಪ್ಪಳ ತರುತ್ತಿದ್ದವರು ಹೆಚ್ಚಾಗಿ ಮೂಲನಿವಾಸಿಗಳೇ. 1783ರಲ್ಲಿ ಅವರ ನೆಲವನ್ನು ಸೀಳಿ ಗೆರೆ ಎಳೆದಾಗ ಮಾತುಕತೆಗೆ ಅವರನ್ನು ಕರೆದಿರಲಿಲ್ಲ. ಬೀವರ್ ಟೋಪಿಯ ಫ್ಯಾಷನ್ ಹಿಂದೆಯೇ ಮುಗಿಯಿತು. ಗಡಿ ದಾಟುವ ಹಕ್ಕಿಗಾಗಿ ಆ ಜನ ಇಂದಿಗೂ 1794ರ ಒಪ್ಪಂದವನ್ನೇ ಮುಂದಿಡುತ್ತಾರೆ.