ಗೃಹಾರೋಗ್ಯ: ಅಭ್ಯಂಗಕ್ಕೆ ತಕ್ಕ ಎಣ್ಣೆ

ನಮ್ಮ ನಾಡಿನಲ್ಲಿ ಎಣ್ಣೆಯ ಸ್ನಾನವಿಲ್ಲದೆ ಯುಗಾದಿಯಿಲ್ಲ, ನರಕಚತುರ್ದಶಿಯಿಲ್ಲ. ಬಾಣಂತನವಂತೂ ಇಲ್ಲವೇ ಇಲ್ಲ. ‘ಎಣ್ಣೆ’ ಎಂಬ ಮಾತೇ ಎಳ್ಳು, ನೆಯ್ ಎಂಬ ಎರಡು ಹಳೆಯ ಮಾತುಗಳು ಕೂಡಿ ಆದುದು; ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಹುಟ್ಟಿದುದು. ಒಂದು ಕಾಲಕ್ಕೆ ಎಣ್ಣೆಯೆಂದರೆ ಎಳ್ಳೆಣ್ಣೆಯೆಂದೇ ಅರ್ಥವಾಗುತ್ತಿದ್ದಿತು. ಈಗಲಾದರೋ ಅಂಗಡಿಯ ಮುಂದೆ ನಿಂತರೆ ಎಳ್ಳು, ಕೊಬ್ಬರಿ, ಹರಳು, ಸಾಸಿವೆ, ಬಾದಾಮಿ, ಆಲಿವ್, ಸೂರ್ಯಕಾಂತಿ ಮೊದಲಾದವುಗಳ ಸೀಸೆಗಳು ಸಾಲಾಗಿ ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದರ ಚೀಟಿಯೂ ತನ್ನನ್ನೇ ಹೊಗಳಿಕೊಳ್ಳುತ್ತದೆ. ಬೆಲೆ ಹೆಚ್ಚಿದ್ದುದೇ ಗುಣದಲ್ಲಿಯೂ ಹೆಚ್ಚೆಂದು ನಂಬಿ ಕೊಂಡು ತರುವವರೂ, ಅಜ್ಜಿಯ ಕಾಲದಿಂದ ಬಂದುದೆಂಬ ಒಂದೇ ಕಾರಣಕ್ಕೆ ಬೇರೊಂದನ್ನು ಮುಟ್ಟದವರೂ ನಮ್ಮಲ್ಲಿ ಉಂಟು. ಈ ಎರಡು ದಾರಿಗಳೂ ಆಯ್ಕೆಯ ದಾರಿಗಳಲ್ಲ. ಆಯ್ಕೆ ಹೇಗೆಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲಿಗೆ ಹೇಳತಕ್ಕ ಮಾತೊಂದೇ. ಎಲ್ಲರ ಮೈಗೂ ಒಗ್ಗುವ ಎಣ್ಣೆಯೆಂಬುದು ಯಾವುದೂ ಇಲ್ಲ. ಯಾರ ಮೈಗೆ, ಮೈಯ ಯಾವ ಭಾಗಕ್ಕೆ, ಏತಕ್ಕಾಗಿ ಎಂಬುದನ್ನು ನಿಶ್ಚಯಿಸಿದ ಮೇಲೆಯೇ ಎಣ್ಣೆಯ ಹೆಸರನ್ನು ಹೇಳಬೇಕು. ಇದು ಹೊಸ ಮಾತೂ ಅಲ್ಲ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ನಿತ್ಯವೂ ಅಭ್ಯಂಗ ಮಾಡಬೇಕೆಂದು ವಿಧಿಸಿದ ಕೂಡಲೆ, ಕಫಪೀಡಿತರೂ ಅಜೀರ್ಣದಿಂದ ನರಳುವವರೂ ಅದನ್ನು ಬಿಡಬೇಕೆಂದೂ ಹೇಳಿದ್ದಾನೆ. ವಿಧಿಯ ಜೊತೆಯಲ್ಲಿಯೇ ವಿವೇಚನೆಯನ್ನೂ ಇಟ್ಟವರು ನಮ್ಮ ಹಿರಿಯರು. ನಾವು ಉಳಿಸಿಕೊಂಡುದು ವಿಧಿಯನ್ನು ಮಾತ್ರ.

ಚರ್ಮದ ಮೇಲ್ಪದರವನ್ನು ಒಂದು ಗೋಡೆಗೆ ಹೋಲಿಸುವುದುಂಟು. ಒಣಗಿ ಚಪ್ಪಟೆಯಾದ ಕಣಗಳು ಇಟ್ಟಿಗೆಗಳಂತೆ. ಅವುಗಳ ನಡುವೆ ತುಂಬಿರುವ ಜಿಡ್ಡು ಗಾರೆಯಂತೆ. ಈ ಗೋಡೆಯು ಒಳಗಿನ ನೀರನ್ನು ಹೊರಕ್ಕೆ ಬಿಡದೆ, ಹೊರಗಿನ ರೋಗಾಣುಗಳನ್ನು ಒಳಕ್ಕೆ ಬಿಡದೆ ಕಾಯುತ್ತದೆ. ನಾವು ಹಚ್ಚುವ ಎಣ್ಣೆಯು ಈ ಗಾರೆಯೊಡನೆ ಬೆರೆಯುವುದರಿಂದ, ಎಣ್ಣೆಯಲ್ಲಿರುವ ಸ್ನಿಗ್ಧಾಮ್ಲಗಳು ಯಾವುವೆಂಬುದು ಮುಖ್ಯವಾದ ಪ್ರಶ್ನೆ. ಇವುಗಳಲ್ಲಿ ಎರಡರ ಹೆಸರನ್ನು ನೆನಪಿನಲ್ಲಿಟ್ಟರೆ ಸಾಕು. ಲಿನೋಲಿಯಿಕ್ ಆಮ್ಲವು ಗಾರೆಗೆ ಬೇಕಾದ ಸಾಮಗ್ರಿ. ಓಲಿಯಿಕ್ ಆಮ್ಲವು ಹೆಚ್ಚಾದರೆ ಗಾರೆಯನ್ನು ಸಡಿಲಿಸತಕ್ಕದ್ದು. ಸಾಧಾರಣ ಸೂರ್ಯಕಾಂತಿ ಎಣ್ಣೆಯಲ್ಲಿ ಮೊದಲನೆಯದು ಸುಮಾರು ಶೇಕಡ 60ರಷ್ಟಿದೆ. ಆಲಿವ್ ಎಣ್ಣೆಯಲ್ಲಿಯೂ ಬಾದಾಮಿ ಎಣ್ಣೆಯಲ್ಲಿಯೂ ಎರಡನೆಯದೇ ಬಹುಭಾಗ. ಎಳ್ಳೆಣ್ಣೆಯಲ್ಲಿ ಎರಡೂ ಸುಮಾರು ಶೇಕಡ 40ರಂತೆ ಸಮನಾಗಿವೆ. ಕೊಬ್ಬರಿ ಎಣ್ಣೆಯ ಜಾತಿಯೇ ಬೇರೆ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ.

ಇದು ಬರಿಯ ಪುಸ್ತಕದ ಲೆಕ್ಕವಲ್ಲವೆಂಬುದಕ್ಕೆ ಪ್ರಮಾಣಗಳಿವೆ. 2013ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ಸಂಶೋಧಕರು 19 ಮಂದಿ ವಯಸ್ಕರ ಮುಂದೋಳಿಗೆ ಕೆಲವು ವಾರಗಳ ಕಾಲ ದಿನಕ್ಕೆ ಎರಡು ಸಲ ಎಣ್ಣೆ ಹಚ್ಚಿಸಿ ನೋಡಿದರು. ಆಲಿವ್ ಎಣ್ಣೆ ಬಿದ್ದ ಕಡೆ ಚರ್ಮದ ಗೋಡೆ ದುರ್ಬಲವಾಗಿ, ಸ್ವಲ್ಪ ಕೆಂಪೂ ಏರಿತು. ಸೂರ್ಯಕಾಂತಿ ಎಣ್ಣೆ ಬಿದ್ದ ಕಡೆ ಗೋಡೆ ಕೆಡಲಿಲ್ಲ, ಚರ್ಮದಲ್ಲಿ ತೇವವೂ ಹೆಚ್ಚಿತು. ದೂರದೇಶದಿಂದ ಬಂದ ಬೆಲೆಯುಳ್ಳ ಎಣ್ಣೆಗಿಂತ ಅಡಿಗೆಮನೆಯ ಡಬ್ಬಿಯಲ್ಲಿರುವ ಅಗ್ಗದ ಎಣ್ಣೆಯೇ ಚರ್ಮಕ್ಕೆ ಮೇಲಾಯಿತೆಂದರೆ, ಗೃಹಿಣಿಯರು ಗಮನಿಸಬೇಕಾದ ಸಂಗತಿಯಲ್ಲವೆ? ಆದರೆ ಒಂದು ಎಚ್ಚರಿಕೆಯುಂಟು. ಓಲಿಯಿಕ್ ಆಮ್ಲವು ಹೆಚ್ಚಾಗುವಂತೆ ಬೆಳೆಸಿದ ಸೂರ್ಯಕಾಂತಿಯ ತಳಿಗಳೂ ಈಗ ಬಂದಿವೆ. ಹಾಗೆಂದು ಚೀಟಿಯಲ್ಲಿ ಬರೆದಿದ್ದರೆ ಆ ಎಣ್ಣೆಯನ್ನು ಅಡಿಗೆಗೆ ಇಟ್ಟುಕೊಳ್ಳಬಹುದು, ಮೈಗೆ ಬೇಡ.

ಇನ್ನು ಎಳೆಗೂಸುಗಳ ವಿಷಯ. ಇಲ್ಲಿ ತಪ್ಪಿದರೆ ಬೆಲೆ ತೆರುವುದು ಕೂಸೇ ಆದುದರಿಂದ ತಾಯಂದಿರೂ ಅಜ್ಜಿಯರೂ ಇದನ್ನು ಸಮಾಧಾನದಿಂದ ಓದಬೇಕೆಂದು ಪ್ರಾರ್ಥನೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಚರ್ಮದ ಗೋಡೆಯು ಇನ್ನೂ ಕಟ್ಟಿ ಮುಗಿದಿರುವುದಿಲ್ಲ. ಢಾಕಾ ನಗರದ ಆಸ್ಪತ್ರೆಯಲ್ಲಿ ಇಂತಹ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಮೃದುವಾಗಿ ಸವರಿ ಪರೀಕ್ಷಿಸಿದ ವರದಿಯು 2005ರಲ್ಲಿ ಪ್ರಕಟವಾಯಿತು. ಎಣ್ಣೆ ಹಚ್ಚಿಸಿಕೊಂಡ ಶಿಶುಗಳಿಗೆ ಆಸ್ಪತ್ರೆಯಲ್ಲಿ ರಕ್ತಕ್ಕೆ ಸೋಂಕು ತಗಲುವ ಸಂಭವವು ಶೇಕಡ 41ರಷ್ಟು ಕಡಿಮೆಯಾಗಿದ್ದಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸುಗಳ ಮೈಗೆ ಎಣ್ಣೆ ಸವರುವುದನ್ನು ಪರಿಶೀಲಿಸಬಹುದೆಂದು ಸೂಚಿಸಿದೆ. ಆದರೆ ಇದು ವೈದ್ಯರ ಅಪ್ಪಣೆ ಪಡೆದು ಮಾಡತಕ್ಕ ಕೆಲಸ; ಮನೆಯಲ್ಲಿ ತಾವಾಗಿಯೇ ಆರಂಭಿಸತಕ್ಕದ್ದಲ್ಲ.

ಇದೇ ಸಂಶೋಧಕರ ಬಳಗವು 2002ರಲ್ಲಿ ಇಲಿಗಳ ಚರ್ಮದ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಸಾಸಿವೆ, ಆಲಿವ್, ಸೋಯಾ ಎಣ್ಣೆಗಳು ಕೆಟ್ಟ ಗೋಡೆಯು ಮತ್ತೆ ಕೂಡಿಕೊಳ್ಳುವುದನ್ನು ತಡಮಾಡಿದುವು. ಸಾಸಿವೆಯ ಎಣ್ಣೆಗೆ ಘಾಟು ಕೊಡುವ ಪದಾರ್ಥವು ಚರ್ಮವನ್ನು ಉರಿಸತಕ್ಕದ್ದು. ಉತ್ತರ ಭಾರತದಲ್ಲಿ ಅದನ್ನು ಕೂಸುಗಳಿಗೆ ತಿಕ್ಕುವ ರೂಢಿ ಬಹಳವಾಗಿದೆ. ಅಲ್ಲಿ ನೆಲಸಿರುವ ನಮ್ಮವರು ನೆರೆಹೊರೆಯನ್ನು ನೋಡಿ ಅನುಸರಿಸದಿರುವುದು ಲೇಸು.

ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೋ, ಎಣ್ಣೆಯು ಚರ್ಮಕ್ಕೆ ಅವಶ್ಯವೇನೂ ಅಲ್ಲ. ಮ್ಯಾಂಚೆಸ್ಟರಿನಲ್ಲಿ 115 ನವಜಾತ ಶಿಶುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಆಲಿವ್ ಆಗಲಿ ಸೂರ್ಯಕಾಂತಿಯಾಗಲಿ ತೇವವನ್ನು ಹೆಚ್ಚಿಸಿದರೂ ಚರ್ಮದ ಗಾರೆಯು ಪಕ್ವವಾಗುವುದನ್ನು ಸ್ವಲ್ಪ ಹಿಂದೆ ಹಾಕಿದುವು. ಆದಕಾರಣ ಕೂಸಿಗೆ ಬೇಕಾದುದು ತಾಯಿಯ ಕೈಯ ಸ್ಪರ್ಶವೇ ಹೊರತು ಎಣ್ಣೆಯ ಮಡುವಲ್ಲ. ಅಂಗೈಗೆ ಕೆಲವು ತೊಟ್ಟು ಕೊಬ್ಬರಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ತೆಗೆದುಕೊಂಡು, ಮೂಳೆಗಳಿಗೆ ಒತ್ತಡ ಬೀಳದಂತೆ ಸವರಿದರೆ ಸಾಕು.

ಮೂರು ರೂಢಿಗಳನ್ನಂತೂ ಸಂಪೂರ್ಣವಾಗಿ ಬಿಡಬೇಕು. ಒಂದು, ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು; ಮೂಗಿನ ಎಣ್ಣೆಯು ಶ್ವಾಸಕೋಶಕ್ಕೆ ಇಳಿದು, ಸುಲಭವಾಗಿ ವಾಸಿಯಾಗದ ಉರಿಯೂತವನ್ನು ತರಬಲ್ಲದು. ಎರಡು, ಬಲವಂತವಾಗಿ ಹರಳೆಣ್ಣೆ ಕುಡಿಸುವುದು; ಭೇದಿಯಾಗಿ ಮೈಯ ನೀರು ಹೋಗುವುದಲ್ಲದೆ, ಅಳುವಾಗ ಅದೂ ಶ್ವಾಸನಾಳಕ್ಕೆ ಹೋದೀತು. ಮೂರು, ಬೇವಿನೆಣ್ಣೆಯನ್ನು ಹೊಟ್ಟೆಗೆ ಕೊಡುವುದು. ಮಲಯ ದೇಶದಲ್ಲಿ ಹೀಗೆ ಕೊಟ್ಟ ಶಿಶುಗಳಿಗೆ ವಾಂತಿ, ಸೆಳವು, ಮೂರ್ಛೆಗಳು ಬಂದುದನ್ನು ವೈದ್ಯರು 1981ರಲ್ಲಿ ಪ್ರಕಟಿಸಿದ್ದಾರೆ. ಗಿಡದಿಂದ ಬಂದುದೆಲ್ಲವೂ ನಿರಪಾಯವೆಂಬ ನಂಬಿಕೆಗೆ ಇದಕ್ಕಿಂತ ಕಠಿನವಾದ ಉತ್ತರ ಬೇಕಿಲ್ಲ.

ಮೈಯಲ್ಲಿ ಕಜ್ಜಿ, ತುರಿಕೆ, ಒಡಕು ಇರುವ ಮಕ್ಕಳಿಗೆ ಕಡಲೆಕಾಯಿ ಎಣ್ಣೆಯನ್ನು ಹಚ್ಚಕೂಡದು. ಉರಿಯೂತವುಳ್ಳ ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಸೇರಿದ ಮುಲಾಮುಗಳನ್ನು ಹಚ್ಚುವುದಕ್ಕೂ, ಮುಂದೆ ಕಡಲೆಕಾಯಿ ಮೈಗೆ ಆಗದಿರುವುದಕ್ಕೂ ಸಂಬಂಧವಿರುವುದು 2003ರಲ್ಲಿ ಕಂಡುಬಂದಿದೆ. ಅಂತಹ ಮಕ್ಕಳ ಒಣಚರ್ಮಕ್ಕೆ ಕೊಬ್ಬರಿ ಎಣ್ಣೆಯು ಸಹಾಯ ಮಾಡುತ್ತದೆಂದು ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆ ತೋರಿಸಿದೆ. ರಸಿಕೆ ಸೋರುತ್ತಿದ್ದರೆ ಮಾತ್ರ ಯಾವ ಎಣ್ಣೆಯೂ ಬೇಡ. ವೈದ್ಯರ ಬಳಿಗೆ ಹೋಗುವುದೇ ದಾರಿ.

ದೊಡ್ಡವರ ಅಭ್ಯಂಗಕ್ಕೆ ಎಳ್ಳೆಣ್ಣೆಯೇ ಈಗಲೂ ಒಳ್ಳೆಯ ಆಯ್ಕೆ. ಅದು ತೀರ ಮಂದವೂ ಅಲ್ಲ, ತೀರ ತೆಳುವೂ ಅಲ್ಲ; ತನ್ನಲ್ಲಿಯೇ ಇರುವ ಕೆಲವು ಪದಾರ್ಥಗಳ ಬಲದಿಂದ ಬೇಗನೆ ಕೆಡುವುದೂ ಇಲ್ಲ. ಹರಳೆಣ್ಣೆಯು ಬಹಳ ಮಂದವಾದುದರಿಂದ ಒಂದು ಪಾಲಿಗೆ ಮೂರು ಪಾಲು ಎಳ್ಳೆಣ್ಣೆ ಬೆರಸಿ ಒಡೆದ ಹಿಮ್ಮಡಿಗೆ ತಿಕ್ಕಿದರೆ ಅನುಕೂಲ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಮಾಗಿಯಲ್ಲಿ ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕೇ ಹೊರತು ಒಲೆಯ ಮೇಲಿಡಬಾರದು. ಮೊಡವೆಯುಳ್ಳ ತರುಣತರುಣಿಯರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಮೊಡವೆ ಹೆಚ್ಚಾದೀತು.

ತಲೆಗೂದಲಿಗಾದರೆ ಕೊಬ್ಬರಿ ಎಣ್ಣೆಗೆ ಸಮನಾದುದು ವಿರಳ. ಅದು ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಕೂದಲು ಸತ್ವ ಕಳೆದುಕೊಳ್ಳುವುದನ್ನು ತಗ್ಗಿಸುತ್ತದೆಂದೂ, ಸೂರ್ಯಕಾಂತಿ ಎಣ್ಣೆಯೂ ಖನಿಜತೈಲವೂ ಹಾಗೆ ಮಾಡಲಾರವೆಂದೂ ನಮ್ಮ ದೇಶದ ಸಂಶೋಧಕರೇ 2003ರಲ್ಲಿ ತೋರಿಸಿದ್ದಾರೆ. ಮೈಗೆ ಮೇಲಾದ ಸೂರ್ಯಕಾಂತಿಯು ತಲೆಗೆ ಹಿಂದಾಯಿತೆಂಬುದನ್ನು ನೋಡಿರಿ. ಆದರೆ ತಲೆಯಲ್ಲಿ ಹೊಟ್ಟು ಬಹಳವಾಗಿರುವವರು ನೆತ್ತಿಗೆ ಎಣ್ಣೆಯನ್ನು ಮೆತ್ತಿ ರಾತ್ರಿಯೆಲ್ಲ ಬಿಡಬಾರದು. ಹೊಟ್ಟಿಗೆ ಕಾರಣವಾದ ಸೂಕ್ಷ್ಮ ಶಿಲೀಂಧ್ರಕ್ಕೆ ಎಣ್ಣೆಯ ಸ್ನಿಗ್ಧಾಮ್ಲಗಳೇ ಆಹಾರ.

ಮನೆಯ ಹಿರಿಯರಿಗೆ ಎಣ್ಣೆಯ ಗುಣಕ್ಕಿಂತ ಎಣ್ಣೆಯ ಜಾರಿಕೆಯೇ ದೊಡ್ಡ ಭಯ. ಅಭ್ಯಂಗವಾದ ಮೇಲೆ ಅಂಗಾಲನ್ನು ಒರಸಿ, ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು. ಮಧುಮೇಹವುಳ್ಳವರ ಕಾಲಿಗೆ ಎಣ್ಣೆ ಹಚ್ಚಬಹುದು, ಬೆರಳ ಸಂದುಗಳಿಗೆ ಬೇಡ. ಸಂದು ಒದ್ದೆಯಾಗಿದ್ದರೆ ಹುಣ್ಣಾಗುತ್ತದೆ. ಒಂದು ಕಾಲಿನ ಮೀನಖಂಡವು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ತಿಕ್ಕಲೇಕೂಡದು. ಒಳಗೆ ರಕ್ತ ಹೆಪ್ಪುಗಟ್ಟಿದ್ದು, ತಿಕ್ಕಿದುದರಿಂದ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಸುವಾಸನೆಗಾಗಿ ಲವಂಗ, ನೀಲಗಿರಿ, ಗಂಧ ಮೊದಲಾದವುಗಳ ಸಾರತೈಲಗಳನ್ನು ಬೆರಸುವ ಪದ್ಧತಿಯೂ ಈಗ ಹೆಚ್ಚುತ್ತಿದೆ. ಅವುಗಳನ್ನು ಹಾಗೆಯೇ ಮೈಗೆ ಹಚ್ಚಿದರೆ ಚರ್ಮ ಬೆಂದೀತು. ಅದಕ್ಕಾಗಿಯೇ ಮೇಲೆ ಹೇಳಿದ ಎಣ್ಣೆಗಳಲ್ಲಿ ಒಂದನ್ನು ಆಧಾರವಾಗಿಟ್ಟುಕೊಳ್ಳಬೇಕು. ದೊಡ್ಡವರಿಗೆ 100 ಮಿಲಿಲೀಟರು ಆಧಾರತೈಲಕ್ಕೆ 20 ತೊಟ್ಟು, ಎಂದರೆ ಸುಮಾರು ಶೇಕಡ ಒಂದು, ಸಾಕು. ಎಳೆಗೂಸುಗಳಿಗೆ ಇವು ಒಂದು ತೊಟ್ಟೂ ಬೇಡ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ನೆಗಡಿಯಾದ ಕೂಸಿನ ಎದೆಗೆ ತಿಕ್ಕುವ ರೂಢಿಯನ್ನೂ ನಿಲ್ಲಿಸಬೇಕು. ಕರ್ಪೂರವು ಕೂಸಿನ ಮೈಸೇರಿದರೆ ಸೆಳವು ಬರುವುದುಂಟು.

ಕೊನೆಯದಾಗಿ ಎಣ್ಣೆಯ ಶುದ್ಧತೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಯ ಜಾತಿಯದೆಂದು ತಪ್ಪಾಗಿ ಎಣಿಸಲ್ಪಡುವ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದೆಣ್ಣೆ ಬೆರೆತು, ಮೈಯೂದುವ ಬೇನೆ ಹಬ್ಬಿ 60ಕ್ಕೂ ಹೆಚ್ಚು ಮಂದಿ ಸತ್ತರು. ಆ ವಿಷವು ತಿಕ್ಕಿಕೊಂಡರೂ ಮೈಯನ್ನು ಸೇರಬಲ್ಲದೆಂದು 1985ರಲ್ಲಿಯೇ ವೈದ್ಯರು ಬರೆದಿದ್ದರು. ಆದುದರಿಂದ ‘ಮೈಗೆ ತಾನೆ’ ಎಂದು ಹೆಸರಿಲ್ಲದ ಬಿಡಿ ಎಣ್ಣೆಯನ್ನು ಕೊಳ್ಳಬಾರದು. ಗಾಣದ ಎಣ್ಣೆಯಾದರೆ ಬೀಜವನ್ನು ಆರಿಸಿ ಆಡಿಸುವ ನಂಬಿಕೆಯ ಗಾಣವಾಗಿರಲಿ. ಮೊಹರಿನ ಸೀಸೆಯಾದರೆ ತಯಾರಾದ ತಾರೀಖನ್ನು ನೋಡಿರಿ. ಚಿಕ್ಕ ಸೀಸೆಯನ್ನೇ ತಂದು, ಬಿಸಿಲು ಬೀಳದ ಕಡೆ ಬಿರಡೆ ಬಿಗಿದು ಇಡಬೇಕು. ಕಮಟು ವಾಸನೆ ಬಂದ ಎಣ್ಣೆ ದೀಪಕ್ಕೂ ಒಲ್ಲದು, ಮೈಗಂತೂ ಸಲ್ಲದು. ಹೊಸ ಎಣ್ಣೆಯನ್ನು ಮೊದಲು ಮುಂದೋಳಿನ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ, ಎರಡು ದಿನ ಕೆಂಪಾಗದಿದ್ದರೆ ಮಾತ್ರ ಬಳಸುವುದು ಕ್ಷೇಮ.

ಕೂಸಿಗೆ ಸೂರ್ಯಕಾಂತಿ ಅಥವಾ ಕೊಬ್ಬರಿ, ಅದೂ ಮಿತವಾಗಿ; ದೊಡ್ಡವರ ಮೈಗೆ ಎಳ್ಳು; ಕೂದಲಿಗೆ ಕೊಬ್ಬರಿ; ಹಿಮ್ಮಡಿಗೆ ಹರಳು. ಇಷ್ಟನ್ನು ನೆನಪಿನಲ್ಲಿಟ್ಟರೆ ಸೀಸೆಗಳ ಸಾಲಿನ ಮುಂದೆ ಬೆರಗಾಗಿ ನಿಲ್ಲಬೇಕಾದುದಿಲ್ಲ. ಹಚ್ಚಿದ ಎಣ್ಣೆಯನ್ನು ತೆಗೆಯುವ ಸೀಗೆ, ಅಂಟವಾಳ, ಕಡಲೆಹಿಟ್ಟುಗಳ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.