ಪಾಯ ತೋಡುವ ಮುನ್ನ ಅನುಮತಿ ಇರಲಿ



ಹಂಪಿ ಬಳಿಯ ಕಮಲಾಪುರ, ಕಡ್ಡಿರಾಂಪುರದ ಕಡೆ ಮನೆ ಕಟ್ಟುವವರು ‘ಪರವಾನಗಿ ಆಮೇಲೆ ನೋಡೋಣ’ ಎನ್ನುವ ಗುತ್ತಿಗೆದಾರರ ಮಾತು ನಂಬಬಾರದು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ; ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯ ಊರುಗಳಲ್ಲಿ ಅದರ ಒಪ್ಪಿಗೆಯೂ ಬೇಕು. ಕಟ್ಟಿದ ಮೇಲೆ ನೋಟಿಸ್ ಬಂದರೆ ಮುಳುಗುವುದು ಮನೆಯವರ ದುಡ್ಡು.

ಕಂಪ್ಲಿ ಕಡೆಯ ಎರೆಮಣ್ಣಿನ ಕಷ್ಟವೇ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದಲ್ಲಿ ಪಕ್ಕದ ಮನೆಯ ಪಾಯ ನೋಡಿ ಅಷ್ಟೇ ಆಳ ತೋಡಿದರೆ ಸಾಲದು, ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಎಲ್ಲೇ ಕಟ್ಟಿದರೂ ಹದ್ದುಬಸ್ತು ಅಳತೆ ನೆರೆಯವರ ಎದುರಿಗೇ ಆಗಲಿ. ಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಹಣ ಕೊಡುವ ಕರಾರು ಬರೆಸಿಕೊಳ್ಳಿ.

ಹಂಪಿ ಪ್ರಾಧಿಕಾರವು ನಿರ್ಬಂಧಿತ ಪ್ರದೇಶದ ನಕ್ಷೆಯನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲೇ ಹಾಕಲಿ.

– ಓದುಗ, ಹೊಸಪೇಟೆ