ಎದುರಾಳಿಯ ಕಾಗದಪತ್ರ ಓದುವವರು ನಮ್ಮಲ್ಲೂ ಬೇಕು

ಉಗ್ರ ಎಂದೊಡನೆ ಬಹುತೇಕ ಭಾರತೀಯರ ಕಣ್ಣ ಮುಂದೆ ಬರುವುದು ಒಂದು ಫೋಟೊ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು, ಬಂದೂಕು ಹಿಡಿದು ನಡೆಯುತ್ತಿರುವ ಅಜ್ಮಲ್ ಕಸಬ್‌ನದು. ಪಾಕಿಸ್ತಾನದ ಪಂಜಾಬಿನ ಫರೀದ್‌ಕೋಟ್ ಎಂಬ ಹಳ್ಳಿಯವನು, ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕೂಲಿಗೆ ಹೋದವನು. ಆ ಒಬ್ಬನನ್ನು ನೋಡಿ, ಲಷ್ಕರ್-ಎ-ತೊಯ್ಬಾ ಸೇರುವವರೆಲ್ಲ ಓದುಬರಹ ಇಲ್ಲದ ಬಡಹುಡುಗರು, ಮದರಸಾದಿಂದ ನೇರವಾಗಿ ಬಂದವರು ಎಂದು ನಂಬಿಬಿಟ್ಟೆವು. ಈ ನಂಬಿಕೆ ತಪ್ಪು ಎಂದು 2013ರಲ್ಲಿ ಅಂಕಿಅಂಶ ಸಮೇತ ತೋರಿಸಿದ್ದು ದೆಹಲಿಯ ಸಂಸ್ಥೆಯಲ್ಲ, ಮುಂಬೈಯದೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿರುವ ‘ಕಾಂಬ್ಯಾಟಿಂಗ್ ಟೆರರಿಸಂ ಸೆಂಟರ್’. ನಮ್ಮ ಮೇಲೆ ದಾಳಿ ಮಾಡಿದವರ ಕುರಿತ ಬಹುಮುಖ್ಯ ಅಧ್ಯಯನ ಅಷ್ಟು ದೂರದಲ್ಲಿ ನಡೆಯಬೇಕಾಯಿತು ಎಂಬುದು ನಾವು ಕೂತು ಯೋಚಿಸಬೇಕಾದ ವಿಷಯ.

ಆ ಅಧ್ಯಯನಕ್ಕೆ ಗುಪ್ತಚರರ ನೆರವು ಬೇಕಾಗಿರಲಿಲ್ಲ. ಲಷ್ಕರ್ ತನ್ನ ಸತ್ತ ಹುಡುಗರ ಜೀವನಚಿತ್ರಗಳನ್ನು ತಾನೇ ಉರ್ದುವಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಹಾಗೆ ಬಂದ ಒಂದು ಪುಸ್ತಕದ ಹೆಸರಿನ ಅರ್ಥವೇ ‘ನಾವು ಲಷ್ಕರ್-ಎ-ತೊಯ್ಬಾದ ತಾಯಂದಿರು’ ಎಂದು. ಸಂಶೋಧಕರು ಇಂಥ 900ಕ್ಕೂ ಹೆಚ್ಚು ಬರಹಗಳನ್ನು ಓದಿ ಊರು, ವಯಸ್ಸು, ಓದು, ಸತ್ತ ಜಾಗ ಎಲ್ಲವನ್ನೂ ಲೆಕ್ಕಕ್ಕೆ ತಂದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದವರು. ಸೇರುವಾಗ ಸರಾಸರಿ ವಯಸ್ಸು 17, ಸಾಯುವಾಗ 21. ಶಾಲಾ ಓದಿನಲ್ಲಿ ಅಲ್ಲಿನ ಸಾಮಾನ್ಯ ಗಂಡಸಿಗಿಂತ ಅವರೇ ಒಂದು ಕೈ ಮೇಲು. ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು: ಈ ಹುಡುಗರು ಬಂದ ಜಿಲ್ಲೆಗಳು ಮತ್ತು ಪಾಕಿಸ್ತಾನದ ಸೇನೆಗೆ ಅಧಿಕಾರಿಗಳನ್ನು ಕೊಡುವ ಜಿಲ್ಲೆಗಳು ಬಹುಮಟ್ಟಿಗೆ ಒಂದೇ. ಇವು ಸಂಘಟನೆ ತನ್ನ ಕೀರ್ತಿಗಾಗಿ ಬರೆದುಕೊಂಡ ಕಥೆಗಳು, ಸತ್ತವರಲ್ಲೂ ಆಯ್ದ ಕೆಲವರವು, ನಿಜ. ಆದರೆ ಮಗನ ಗುಣಗಾನ ಎಷ್ಟೇ ಉಬ್ಬಿಸಿ ಬರೆದರೂ ಅವನ ಜಿಲ್ಲೆಯ ಹೆಸರು ಬದಲಿಸಬೇಕಾದ ಅಗತ್ಯ ಯಾರಿಗೂ ಇರುವುದಿಲ್ಲ. ಹೊಗಳಿಕೆಯನ್ನು ಸೋಸಿ ಇಂಥ ವಿವರ ಹೆಕ್ಕುವುದೇ ಸಂಶೋಧಕನ ಕಸುಬು.

2003ರಲ್ಲಿ ಅಕಾಡೆಮಿಯ ಹಳೆಯ ವಿದ್ಯಾರ್ಥಿಯೊಬ್ಬರ ದೇಣಿಗೆಯಿಂದ ಶುರುವಾದ ಈ ಕೇಂದ್ರಕ್ಕೆ ಹೆಸರು ತಂದದ್ದು ಮುಖ್ಯವಾಗಿ ಇಂಥ ಓದು. 2007ರಲ್ಲಿ ಇರಾಕಿನ ಸಿಂಜಾರ್ ಬಳಿ ಅಮೆರಿಕದ ಸೈನಿಕರಿಗೆ ಅಲ್ ಕೈದಾದ ದಾಖಲೆಗಳ ರಾಶಿ ಸಿಕ್ಕಿತು. ಹೊರದೇಶಗಳಿಂದ ಯುದ್ಧಕ್ಕೆ ಬಂದವರ ವಿವರ ಬರೆದಿಟ್ಟ ಕಾಗದಗಳವು. ಕಚೇರಿಯ ಅರ್ಜಿ ನಮೂನೆಯಂತೆ ಹೆಸರು, ಊರು, ಉದ್ಯೋಗ, ತಂದ ಹಣ, ಇಲ್ಲಿಗೆ ಕಳುಹಿಸಿದವರು ಯಾರು, ಇಲ್ಲಿ ಏನು ಕೆಲಸ ಎಂದು ಒಂದೊಂದನ್ನೂ ನಮೂದಿಸಲಾಗಿತ್ತು. ಕೆಲಸದ ಜಾಗದಲ್ಲಿ ಒಬ್ಬೊಬ್ಬನ ಎದುರು ‘ಹೋರಾಟಗಾರ’ ಎಂದೋ ‘ಆತ್ಮಾಹುತಿ’ ಎಂದೋ ಬರೆದಿತ್ತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಇದರ ವಿಶ್ಲೇಷಣೆ ಪ್ರಕಟಿಸಿತು. ಸೌದಿ ಅರೇಬಿಯಾದವರು ಎಲ್ಲರಿಗಿಂತ ಹೆಚ್ಚು ಇದ್ದದ್ದು ನಿರೀಕ್ಷಿತವೇ. ಎರಡನೆಯ ಸ್ಥಾನದಲ್ಲಿ ಲಿಬಿಯಾ ಇದ್ದದ್ದು ಯಾರೂ ಎಣಿಸದ ಸಂಗತಿ. ಲಿಬಿಯಾದ ಕಡಲತೀರದ ಡೆರ್ನಾ ಎಂಬ ಸಣ್ಣ ಪಟ್ಟಣದಿಂದ 52 ಮಂದಿ. ಲಕ್ಷಗಟ್ಟಲೆ ಜನರ ರಿಯಾದ್‌ನಿಂದ 51. ಏಳು ವರ್ಷಗಳ ನಂತರ, 2014ರಲ್ಲಿ, ಅದೇ ಡೆರ್ನಾದಲ್ಲಿ ಐಎಸ್‌ ಬಾವುಟ ಹಾರಿತು. ಕಾಗದ ಮೊದಲೇ ಬೊಟ್ಟು ಮಾಡಿ ತೋರಿಸಿದ್ದ ಊರು ಅದು.

ಸೇನೆಯ ಅಂಗಳದಲ್ಲೇ ಇರುವ ಸಂಸ್ಥೆ ಸರ್ಕಾರಕ್ಕೆ ಬೇಕಾದ್ದನ್ನೇ ಹೇಳುತ್ತದೆ ಎಂಬ ಆಕ್ಷೇಪ ಇದ್ದೇ ಇದೆ. ಅದನ್ನು ತಳ್ಳಿಹಾಕಲಾಗದು. ಅಬ್ಬೊಟಾಬಾದ್‌ನಲ್ಲಿ ಬಿನ್ ಲಾಡೆನ್‌ನನ್ನು ಕೊಂದ ಮನೆಯಿಂದ ತಂದ ದಾಖಲೆಗಳಲ್ಲಿ 2012ರ ಮೇ ತಿಂಗಳಲ್ಲಿ ಈ ಕೇಂದ್ರದ ಮೂಲಕ ಹೊರಬಂದದ್ದು ಬರೀ 17. ಅವುಗಳನ್ನು ಓದಿದರೆ, ತನ್ನ ಹೆಸರಿನಲ್ಲಿ ದೂರದ ಗುಂಪುಗಳು ನಡೆಸುವ ಹತ್ಯೆಗಳನ್ನು ಹದ್ದುಬಸ್ತಿಗೆ ತರಲಾಗದೆ ಒದ್ದಾಡುವ ಮುದಿ ನಾಯಕನ ಚಿತ್ರ ಮೂಡುತ್ತದೆ. 2017ರಲ್ಲಿ ಸಿಐಎ ಸುಮಾರು 4 ಲಕ್ಷ 70 ಸಾವಿರ ಕಡತಗಳನ್ನು ಬಿಡುಗಡೆ ಮಾಡಿದಾಗ, ಆ 17 ಸಾಗರದ ಒಂದು ಬೊಗಸೆ ಎಂದು ಎಲ್ಲರಿಗೂ ತಿಳಿಯಿತು. ಯಾವ ಬೊಗಸೆ ಕೊಡಬೇಕೆಂದು ಆರಿಸಿದ್ದು ಸರ್ಕಾರ. ಹಾಗಿದ್ದೂ ಈ ಕೇಂದ್ರ ಅರಬ್ಬಿ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ತನ್ನ ವರದಿಯ ಜೊತೆಗೇ ಪ್ರಕಟಿಸಿತ್ತು. ಆದ್ದರಿಂದ ವರದಿಯನ್ನು ಒಪ್ಪದವರು ಮೂಲ ಹಿಡಿದೇ ವಾದಿಸಬಹುದಿತ್ತು, ವಾದಿಸಿದರು ಕೂಡ. ಸಂಶೋಧನಾ ಸಂಸ್ಥೆಯ ಪ್ರಾಮಾಣಿಕತೆಗೆ ನನ್ನ ಅಳತೆ ಇಷ್ಟೇ: ಅದು ತನ್ನ ತೀರ್ಮಾನದ ಜೊತೆಗೆ ಆಧಾರವನ್ನೂ ಓದುಗರ ಕೈಗೆ ಕೊಡುತ್ತದೆಯೇ?

ನಮ್ಮಲ್ಲಿ ಏನೂ ಇಲ್ಲ ಎಂದರೆ ಅನ್ಯಾಯವಾದೀತು. ಕೆ.ಪಿ.ಎಸ್. ಗಿಲ್ 1997ರಲ್ಲಿ ದೆಹಲಿಯಲ್ಲಿ ಕಟ್ಟಿದ ‘ಇನ್‌ಸ್ಟಿಟ್ಯೂಟ್ ಫಾರ್ ಕಾನ್‌ಫ್ಲಿಕ್ಟ್ ಮ್ಯಾನೇಜ್‌ಮೆಂಟ್’ ದಕ್ಷಿಣ ಏಷ್ಯಾದ ಹಿಂಸೆಯ ಲೆಕ್ಕವನ್ನು ವರ್ಷಗಳಿಂದ ಇಡುತ್ತಾ ಬಂದಿದೆ. ಆದರೆ ಅದರ ಲೆಕ್ಕದ ಬಹುಪಾಲು ಪತ್ರಿಕಾ ವರದಿಗಳಿಂದ ಬಂದದ್ದು. ಪೊಲೀಸರು ಮತ್ತು ಎನ್‌ಐಎ ವಶಪಡಿಸಿಕೊಂಡ ಕಾಗದಗಳು ವಿದ್ವಾಂಸರ ಮೇಜಿಗೆ ಬರುವ ದಾರಿ ಇಲ್ಲ. ಕರ್ನಾಟಕದ ಮಟ್ಟಿಗೇ ನೋಡಿ. 2022ರ ನವೆಂಬರಿನ ಮಂಗಳೂರು ಕುಕ್ಕರ್ ಸ್ಫೋಟ, 2024ರ ಮಾರ್ಚಿನ ರಾಮೇಶ್ವರಂ ಕೆಫೆ ಸ್ಫೋಟ, ಎರಡರ ತನಿಖೆಯೂ ತೀರ್ಥಹಳ್ಳಿಗೆ ಬಂದು ತಲುಪಿತು. ಆರೋಪ ನಿಲ್ಲುತ್ತದೋ ಬೀಳುತ್ತದೋ ನ್ಯಾಯಾಲಯ ಹೇಳಲಿ. ಆದರೆ ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದ ಹೆಸರು ಎರಡೂ ಕಡೆ ಏಕೆ ಬಂತು, ಸಂಪರ್ಕ ಬೆಳೆದದ್ದು ಗೆಳೆತನದಿಂದಲೋ, ಕಾಲೇಜಿನಿಂದಲೋ, ಮೊಬೈಲ್‌ನಿಂದಲೋ ಎಂಬುದು ಸಮಾಜವಿಜ್ಞಾನದ ಪ್ರಶ್ನೆ. ಇಂಥ ಅಧ್ಯಯನ ಒಂದು ಸಮುದಾಯದ ಮೇಲೆ ಮಸಿ ಬಳಿಯುತ್ತದೆ ಎಂದು ಹೆದರುವವರಿದ್ದಾರೆ. ಆ ಹೆದರಿಕೆಗೆ ಕಾರಣಗಳೂ ಇವೆ. ಆದರೆ ಮಸಿ ಬಳಿಯುವ ಕೆಲಸ ಅಧ್ಯಯನವಿಲ್ಲದೆಯೇ ಟಿವಿ ಚರ್ಚೆಗಳಲ್ಲಿ ದಿನವೂ ನಡೆದಿದೆ. ನಾಲ್ಕು ಮಂದಿಯ ಹೆಸರು ಹಿಡಿದು ಇಡೀ ಊರನ್ನು ದೂರುವವರಿಗೆ, ಇದು ಇಷ್ಟೇ ಜನರ ಕೂಟ, ಬೆಳೆದದ್ದು ಹೀಗೆ ಎಂದು ತೋರಿಸಲು ಎಣಿಕೆಯಷ್ಟು ಗಟ್ಟಿ ಉತ್ತರ ಬೇರೆ ಇಲ್ಲ.

ಗೋಪ್ಯತೆಯ ಪ್ರಶ್ನೆಯನ್ನು ಅಧಿಕಾರಿಗಳು ಎತ್ತುತ್ತಾರೆ. ಎನ್‌ಐಎಯನ್ನು 2011ರಲ್ಲೇ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ನಡೆಯುತ್ತಿರುವ ತನಿಖೆಯ ಗುಟ್ಟು ಉಳಿಯಬೇಕು, ಸಾಕ್ಷಿಗಳ ಪ್ರಾಣವೂ ಉಳಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುತ್ತಿರುವುದು ಮೇಲ್ಮನವಿಯೂ ಮುಗಿದ ಪ್ರಕರಣಗಳ ಕಡತಗಳನ್ನು. ಸಾಕ್ಷಿಗಳ, ಖುಲಾಸೆಯಾದವರ ಹೆಸರು ತೆಗೆದು ಅವನ್ನು ವಿಶ್ವವಿದ್ಯಾಲಯಗಳಿಗೆ ಕೊಡಬಹುದು. ಅಮೆರಿಕದ ಸೇನೆ ಯುದ್ಧ ನಡೆಯುತ್ತಿರುವಾಗಲೇ ಸಿಂಜಾರ್ ಕಾಗದಗಳನ್ನು ಬಿಟ್ಟುಕೊಟ್ಟಿತು ಎಂಬುದನ್ನು ಇಲ್ಲಿ ನೆನೆಯಬೇಕು. ಓದುವವರಿಗೂ ನಮ್ಮಲ್ಲಿ ಬರವಿಲ್ಲ. ಲಷ್ಕರ್‌ನ ಆ ಪುಸ್ತಕಗಳು ಇರುವುದು ಉರ್ದುವಿನಲ್ಲಿ. ಉರ್ದು ಬಲ್ಲ ಲಕ್ಷಾಂತರ ಜನ ಕರ್ನಾಟಕದಲ್ಲೇ ಇದ್ದಾರೆ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು ವಿಭಾಗವಿದೆ. ಅಲ್ಲಿನ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನೂ ಒಬ್ಬ ನಿವೃತ್ತ ತನಿಖಾಧಿಕಾರಿಯನ್ನೂ ಜೊತೆ ಮಾಡಿಕೊಟ್ಟರೆ, ಈ ವರ್ಷವೇ ಮೊದಲ ಕಡತ ಬಿಚ್ಚಬಹುದು.